ದೊಡ್ಡಪ್ಪ ಕೈಯಾರೆ ಮಾಡಿದ ಸ್ಲಾಟ್ ಕಾರ್: ಎಷ್ಟು ರಿಪೇರಿ ಮಾಡಬೇಕು, ಎಷ್ಟು ಹಾಗೇ ಬಿಡಬೇಕು?

ಕಾರ್ಗಲ್ ಕಡೆಯವಳು

ಎಲ್ಲರಿಗೂ ನಮಸ್ಕಾರ. ಸಾಗರ ತಾಲ್ಲೂಕಿನ ನಮ್ಮ ಹಳೇ ಮನೆಯಲ್ಲಿ ಕೊಟ್ಟಿಗೆ ಮೇಲಿನ ಅಟ್ಟ ಖಾಲಿ ಮಾಡುತ್ತಿದ್ದೇವೆ. ಅಲ್ಲಿದ್ದ ಒಂದು ಟ್ರಂಕಿನಲ್ಲಿ ದೊಡ್ಡಪ್ಪ ಮಾಡಿದ ಪುಟ್ಟ ರೇಸ್ ಕಾರ್ ಸಿಕ್ಕಿದೆ. ಅವರು ಶರಾವತಿ ವಿದ್ಯುತ್ ಯೋಜನೆಯಲ್ಲಿ ಎಂಜಿನಿಯರ್ ಆಗಿದ್ದರು. ಅದಕ್ಕೂ ಮುಂಚೆ ತರಬೇತಿಗೆ ಇಂಗ್ಲೆಂಡಿಗೆ ಹೋಗಿದ್ದರು. ಈ ಹುಚ್ಚು ಅಲ್ಲಿಂದಲೇ ಹಿಡಿದದ್ದು ಅಂತ ದೊಡ್ಡಮ್ಮ ಹೇಳುತ್ತಾರೆ.

ಕಾರಿನ ಅಡಿ ಚೌಕಟ್ಟು ಪೂರ್ತಿ ಸಣ್ಣ ಹಿತ್ತಾಳೆ ಕೊಳವೆಗಳದ್ದು. ಎಲ್ಲ ಕೈಯಲ್ಲೇ ಬೆಸೆದದ್ದು, ಬೆಸುಗೆಯ ಗುಂಡು ಗುಂಡು ಕಾಣುತ್ತದೆ. ಮೋಟಾರಿಗೆ ಮುಚ್ಚಳ ಇಲ್ಲ, ಕಾಯಿಲ್ ಹೊರಗೇ ಕಾಣಿಸುತ್ತದೆ. ಪಕ್ಕದಲ್ಲಿ ಪಿಟ್‌ಮನ್ ಅಂತ ಇದೆ. ಮುಂದೆ ಕೆಳಗಡೆ ಒಂದು ನಾಲಿಗೆ ಥರದ್ದು, ಅದರ ಎರಡೂ ಕಡೆ ತಾಮ್ರದ ಹೆಣೆದ ಪಟ್ಟಿ. ಟೈರ್ ಮುಟ್ಟಿದರೆ ಪುಡಿ ಆಗುತ್ತಿದೆ. ಬಾಡಿ ತೆಳು ಪ್ಲಾಸ್ಟಿಕ್. ಒಳಗಡೆಯಿಂದ ಹಸಿರು ಬಣ್ಣ, ನಡುವೆ ಹಳದಿ ಪಟ್ಟೆ. ಎಲ್ಲ ಕಡೆ ಕಿಲುಬು ಹಿಡಿದಿದೆ. ಹಿಂದಿನ ಚಕ್ರದ ಹತ್ತಿರ ಒಂದು ಕೊಳವೆ ಉದ್ದಕ್ಕೆ ಸೀಳಿದೆ. ಜೊತೆಗೆ ಅದೇ ಆಕಾರದ ಮರದ ಕಾರೂ ಒಂದಿದೆ, ಅದಕ್ಕೆ ಚಕ್ರ ಇಲ್ಲ. ದೊಡ್ಡಪ್ಪನ ಒಂದು ನೋಟ್‌ಬುಕ್ಕೂ ಇದೆ.

ಪೇಟೆಯ ಪಾತ್ರೆ ಅಂಗಡಿಯಲ್ಲಿ ಪಾಲಿಶ್ ಮಾಡಿ ಫಳಫಳ ಮಾಡಿಕೊಡುತ್ತೇವೆ ಅಂದಿದ್ದಾರೆ. ಕೊಡಲಾ? ಇದು ಮತ್ತೆ ಓಡುತ್ತಾ?

ತುಂಗಾ ಹೊಳೆ

ಅಕ್ಕ, ಸೂಪರ್! ಇದಕ್ಕೆ ಅಂಗಡಿ ಯಾಕೆ? ಹುಣಸೆಹಣ್ಣಿನ ನೀರಲ್ಲಿ ಒಂದು ರಾತ್ರಿ ನೆನೆಸಿಡಿ, ಹಿತ್ತಾಳೆ ಹೊಳೆಯುತ್ತದೆ. ಮೋಟಾರ್ ಹಳೇದು, ಅದನ್ನು ತೆಗೆದು ಈಗಿನ 130 ಸೈಜಿನ ಸಣ್ಣ ಮೋಟಾರ್ ಹಾಕಿ. ಶಿವಮೊಗ್ಗದಲ್ಲೇ ಸಿಗುತ್ತದೆ. ಕಾಲೇಜಲ್ಲಿ ರೋಬೋಟ್ ಮಾಡುವಾಗ ನಾವು ಅದನ್ನೇ ಬಳಸಿದ್ದು. ಒಂದೇ ವಾರದಲ್ಲಿ ಓಡಿಸಬಹುದು.

ಬೆಂಗಳೂರಲ್ಲಿರೋ ಕೊಪ್ಪದವ

ಮೇಡಂ, ದಯವಿಟ್ಟು ಯಾವುದಕ್ಕೂ ಇನ್ನೂ ಕೈ ಹಾಕಬೇಡಿ. ಹುಣಸೆಹಣ್ಣೂ ಬೇಡ, ಅಂಗಡಿಯೂ ಬೇಡ. ನಿಮ್ಮ ಕೈಯಲ್ಲಿರುವುದು ತುಂಬ ಅಪರೂಪದ ವಸ್ತು.

ಸ್ಲಾಟ್ ಕಾರ್ ಗೊತ್ತಿಲ್ಲದವರಿಗೆ ಎರಡು ಮಾತು. ಹಲಗೆಯ ಮೇಲೆ ಒಂದು ಸಣ್ಣ ಸೀಳು ಇರುತ್ತದೆ. ಅದರ ಎರಡೂ ಬದಿಗೆ ತಾಮ್ರದ ಪಟ್ಟಿ. ಪಟ್ಟಿಯಲ್ಲಿ 12 ವೋಲ್ಟ್ ಡಿಸಿ ಕರೆಂಟ್ ಹರಿಯುತ್ತದೆ. ಕಾರಿನ ಮುಂದಿನ ನಾಲಿಗೆ ಸೀಳಿನೊಳಗೆ ಇಳಿದು ದಾರಿ ತೋರಿಸುತ್ತದೆ, ಹೆಣೆದ ತಾಮ್ರ ಕರೆಂಟ್ ಎಳೆದುಕೊಳ್ಳುತ್ತದೆ. ಆಡುವವನ ಕೈಯಲ್ಲಿ ಒಂದು ಕಂಟ್ರೋಲರ್. ಎಷ್ಟು ಒತ್ತಿದರೆ ಅಷ್ಟು ವೇಗ. ಸ್ಟೀರಿಂಗ್ ಇಲ್ಲ ಅಂತ ಸುಲಭ ಅಂದುಕೊಳ್ಳಬೇಡಿ. ತಿರುವಲ್ಲಿ ಸ್ವಲ್ಪ ಜಾಸ್ತಿ ಒತ್ತಿದರೂ ಕಾರ್ ಸೀಳು ಬಿಟ್ಟು ಹಾರುತ್ತದೆ.

ಇಂಗ್ಲೆಂಡಿನಲ್ಲಿ ಫ್ರೆಡ್ ಫ್ರಾನ್ಸಿಸ್ ಅನ್ನುವವರು 1957ರಲ್ಲಿ ಸ್ಕೇಲೆಕ್ಸ್‌ಟ್ರಿಕ್ ತಂದ ಮೇಲೆ ಈ ಆಟ ಮನೆಮನೆಗೆ ಹೋಯಿತು. 60ರ ದಶಕದಲ್ಲಿ ಅಲ್ಲೂ ಅಮೆರಿಕದಲ್ಲೂ ಇದರ ಹುಚ್ಚು ಜೋರಾಗಿತ್ತು. ಡಬ್ಬಿಯಲ್ಲಿ ಬರುವ ಕಾರ್ ಸಾಲದು ಅಂದವರು ಹಿತ್ತಾಳೆ ಕೊಳವೆ, ಉಕ್ಕಿನ ತಂತಿ ತಂದು ತಾವೇ ಚೌಕಟ್ಟು ಕಟ್ಟುತ್ತಿದ್ದರು. ನಿಮ್ಮದು ಅಂಥದ್ದು. ಡಬ್ಬಿಯ ಕಾರ್ ದುಡ್ಡು ಕೊಟ್ಟರೆ ಈಗಲೂ ಸಿಗುತ್ತದೆ. ನಿಮ್ಮ ದೊಡ್ಡಪ್ಪನ ಬೆಸುಗೆ ಎಲ್ಲಿ ಸಿಗಬೇಕು? ಪಾಲಿಶ್ ಚಕ್ರಕ್ಕೆ ಕೊಟ್ಟರೆ ಅವರ ಅರದ ಗೀರು, ಬೆಸುಗೆಯ ಅಂಚು ಎಲ್ಲ ಸವೆದುಹೋಗುತ್ತದೆ.

ಮೊದಲು ಎಲ್ಲ ಕಡೆಯಿಂದ ಫೋಟೋ ತೆಗೆಯಿರಿ. ಮುಂದಿನ ಚಕ್ರದ ಅಚ್ಚಿನಿಂದ ಹಿಂದಿನ ಚಕ್ರದ ಅಚ್ಚಿಗೆ ಎಷ್ಟು ಮಿಲಿಮೀಟರ್ ಅಂತ ಅಳೆದು ಹೇಳಿ. ಬಾಡಿಯ ವಾಸನೆ ಹೇಗಿದೆ?

ಕಾರ್ಗಲ್ ಕಡೆಯವಳು

96 ಮಿ.ಮೀ. ಇದೆ. ವಾಸನೆ ಕೇಳಿದ್ದು ಒಳ್ಳೆಯದಾಯಿತು. ಟ್ರಂಕ್ ತೆಗೆದಾಗಲೇ ಹಳೇ ಬೆಣ್ಣೆಯ ಕಮಟು ವಾಸನೆ ಬಂತು. ಇಲಿ ಸತ್ತಿದೆಯೇನೋ ಅಂತ ಹುಡುಕಿದೆವು. ವಾಸನೆ ಬರುತ್ತಿರುವುದು ಬಾಡಿಯಿಂದಲೇ.

ಬೆಂಗಳೂರಲ್ಲಿರೋ ಕೊಪ್ಪದವ

ಎರಡೂ ಉತ್ತರ ಬಹಳ ಹೇಳುತ್ತವೆ.

ಹಸಿರು ಮೈ, ಹಳದಿ ಪಟ್ಟೆ, ಸಿಗಾರ್ ಆಕಾರ. ಇದು ಲೋಟಸ್ 25 ಅಂತ ನನಗೆ ಅನ್ನಿಸುತ್ತದೆ. 1962ರಲ್ಲಿ ಫಾರ್ಮುಲಾ ಒನ್ ರೇಸಿಗೆ ಇಳಿದ ಕಾರ್. 1963ರಲ್ಲಿ ಜಿಮ್ ಕ್ಲಾರ್ಕ್ ವಿಶ್ವ ಚಾಂಪಿಯನ್ ಆಗಿದ್ದು ಅದರಲ್ಲೇ. ನಿಜವಾದ ಕಾರಿನ ಅಚ್ಚಿನಿಂದ ಅಚ್ಚಿಗೆ 91 ಇಂಚು, ಅಂದರೆ ಸುಮಾರು 2311 ಮಿ.ಮೀ. ಅದನ್ನು 24ರಿಂದ ಭಾಗಿಸಿ ನೋಡಿ. 96 ಬರುತ್ತದೆ. ಆಗ ಚಾಲ್ತಿಯಲ್ಲಿದ್ದ ಇನ್ನೊಂದು ಅಳತೆ 32ರಲ್ಲಿ ಒಂದು. ಅದಾಗಿದ್ದರೆ 72 ಬರಬೇಕಿತ್ತು. ದೊಡ್ಡಪ್ಪ ಕಣ್ಣಳತೆಯಲ್ಲಿ ಮಾಡಿಲ್ಲ, ಲೆಕ್ಕ ಹಾಕಿ ಮಾಡಿದ್ದಾರೆ.

ಕಮಟು ವಾಸನೆ ಬಂದರೆ ಬಾಡಿ ಬ್ಯುಟಿರೇಟ್ ಅನ್ನುವ ಪ್ಲಾಸ್ಟಿಕ್. ಲೆಕ್ಸಾನ್ ಅನ್ನುವ ಗಟ್ಟಿ ಪ್ಲಾಸ್ಟಿಕ್ ಬಳಕೆಗೆ ಬರುವ ಮುಂಚೆ ಇದರಲ್ಲೇ ಬಾಡಿ ಎಳೆಯುತ್ತಿದ್ದರು. ಹಳೇದಾದರೆ ಅದರಿಂದ ಬ್ಯುಟಿರಿಕ್ ಆಮ್ಲ ಬಿಡುಗಡೆ ಆಗುತ್ತದೆ. ಬೆಣ್ಣೆ ಕಮಟಾದಾಗ ಬರುವುದೂ ಅದೇ. ಆ ಆಮ್ಲದ ಹಬೆ ಲೋಹವನ್ನೂ ತಿನ್ನುತ್ತದೆ. ಆದ್ದರಿಂದ ಇವತ್ತೇ ಬಾಡಿಯನ್ನು ಚೌಕಟ್ಟಿನಿಂದ ಬೇರೆ ಮಾಡಿ, ಬೇರೆ ರಟ್ಟಿನ ಪೆಟ್ಟಿಗೆಯಲ್ಲಿ ಗಾಳಿ ಆಡುವ ಹಾಗೆ ಇಡಿ. ಥಿನ್ನರ್, ನೇಲ್ ಪಾಲಿಶ್ ತೆಗೆಯುವ ದ್ರವ ಹತ್ತಿರ ಕೂಡ ತರಬೇಡಿ. ಅಸಿಟೋನಿಗೆ ಅದು ಕರಗುತ್ತದೆ. ಹೊರಗಡೆಯ ಧೂಳನ್ನು ಒದ್ದೆ ಬಟ್ಟೆಯಿಂದ ಮೆತ್ತಗೆ ತೆಗೆಯಿರಿ. ಒಳಗಡೆ ಬಣ್ಣ ಏಳುತ್ತಿದ್ದರೆ ಆ ಕಡೆ ಮುಟ್ಟಲೇಬೇಡಿ.

ರೇಡಿಯೋ ಮೇಷ್ಟ್ರು, ತೀರ್ಥಹಳ್ಳಿ

ಮೋಟಾರ್ ವಿಷಯ ನಾನು ಹೇಳುತ್ತೇನೆ. ಹೈಸ್ಕೂಲಲ್ಲಿ ವಿಜ್ಞಾನ ಕಲಿಸುತ್ತಿದ್ದೆ, ಈಗ ನಿವೃತ್ತಿ. ಹಳೇ ರೇಡಿಯೋ, ಮೋಟಾರ್ ರಿಪೇರಿ ನನ್ನ ಪ್ರೀತಿಯ ಕೆಲಸ.

ಮುಖ್ಯವಾದ ಮಾತು ಮೊದಲು. ಆ ಮೋಟಾರಿನ ನಡುವಿನ ತಿರುಗುವ ಭಾಗವನ್ನು, ಆರ್ಮೇಚರನ್ನು, ಹೊರಗೆ ಎಳೆಯಬೇಡಿ. ಆ ಕಾಲದ ತೆರೆದ ಮೋಟಾರ್‌ಗಳಲ್ಲಿ ಇರುವುದು ಆಲ್ನಿಕೋ ಮ್ಯಾಗ್ನೆಟ್. ಅಲ್ಯೂಮಿನಿಯಂ, ನಿಕಲ್, ಕೋಬಾಲ್ಟ್ ಕಬ್ಬಿಣದ ಜೊತೆ ಸೇರಿದ ಮಿಶ್ರಲೋಹ. ಅದಕ್ಕೆ ಶಕ್ತಿ ಇದೆ, ಆದರೆ ಅದನ್ನು ಹಿಡಿದಿಟ್ಟುಕೊಳ್ಳುವ ಗುಣ ಕಮ್ಮಿ. ಎರಡು ಧ್ರುವಗಳ ನಡುವೆ ಕಬ್ಬಿಣ ಇರುವವರೆಗೆ ಸರಿ. ಆರ್ಮೇಚರ್ ತೆಗೆದ ತಕ್ಷಣ ಆ ದಾರಿ ಕಡಿದುಹೋಗಿ ಮ್ಯಾಗ್ನೆಟ್ ಸೋಲುತ್ತದೆ. ಮತ್ತೆ ಜೋಡಿಸಿದರೂ ಮೊದಲಿನ ಬಲ ಬರುವುದಿಲ್ಲ. ತೆಗೆಯಲೇಬೇಕಾದರೆ ಪಕ್ಕದಲ್ಲಿ ಮೆತು ಕಬ್ಬಿಣದ ತುಂಡು ಕೂರಿಸಿಕೊಂಡೇ ತೆಗೆಯಬೇಕು. ಈಗಿನ ಡಬ್ಬಿ ಮೋಟಾರ್‌ಗಳಲ್ಲಿ ಫೆರೈಟ್ ಮ್ಯಾಗ್ನೆಟ್ ಇರುವುದರಿಂದ ಈ ತೊಂದರೆ ಇಲ್ಲ. ಅದಕ್ಕೇ ಹುಡುಗರಿಗೆ ಇದು ಗೊತ್ತಿರುವುದಿಲ್ಲ.

ಬಿಚ್ಚದೇ ಮಾಡಬಹುದಾದದ್ದು ಬಹಳ ಇದೆ. ಮೊದಲು ಬೆರಳಲ್ಲಿ ತಿರುಗಿಸಿ ನೋಡಿ. ಬಿಗಿ ಇದ್ದರೆ ಹಳೇ ಎಣ್ಣೆ ಅಂಟಾಗಿದೆ ಅಂತ ಅರ್ಥ. ಬೇರಿಂಗಿಗೆ ಹೊಲಿಗೆ ಮಿಶಿನ್ ಎಣ್ಣೆ ಒಂದೇ ಹನಿ ಬಿಟ್ಟು ಒಂದು ದಿನ ಬಿಡಿ. ಕಮ್ಯುಟೇಟರಿಗೆ, ಅಂದರೆ ಕರೆಂಟ್ ಕೊಡುವ ಬ್ರಶ್‌ಗಳು ಒತ್ತಿಕೊಂಡಿರುವ ತಾಮ್ರದ ಸುತ್ತಿಗೆ, ಎಣ್ಣೆ ತಾಗಬಾರದು. ಅದನ್ನು ಐಸೋಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಹತ್ತಿಕಡ್ಡಿಯಿಂದ ಒರೆಸಿ. ಕಾಯಿಲ್ ಮೇಲೆ ಆಲ್ಕೋಹಾಲ್ ಹರಿಯದ ಹಾಗೆ ನೋಡಿಕೊಳ್ಳಿ, ಹಳೇ ವಾರ್ನಿಶ್ ಅರಗು ಆಗಿದ್ದರೆ ಕರಗುತ್ತದೆ.

ಆಮೇಲೆ ಮೀಟರ್. ಎರಡು ಬ್ರಶ್‌ಗಳ ನಡುವೆ ಓಮ್ ನೋಡುತ್ತಾ ನಿಧಾನ ತಿರುಗಿಸಿ. ಪ್ರತಿ ಕಾಯಿಲ್ ಮೇಲೂ ಹೆಚ್ಚುಕಮ್ಮಿ ಒಂದೇ ಅಂಕಿ ಬಂದರೆ ಸುತ್ತುಗಳು ಚೆನ್ನಾಗಿವೆ. ಕಾಯಿಲ್ ಕಬ್ಬಿಣಕ್ಕೆ ತಾಗಿದೆಯಾ ಅಂತ ನೋಡುವ ಮುಂಚೆ ಬ್ರಶ್ ಎತ್ತಿಡಿ. ಇಂಥ ಕೆಲವು ಮೋಟಾರ್‌ಗಳಲ್ಲಿ ಒಂದು ಬ್ರಶ್ ಬೇಕೆಂದೇ ಚೌಕಟ್ಟಿಗೆ ಜೋಡಿಸಿರುತ್ತಾರೆ. ಅದನ್ನು ಶಾರ್ಟ್ ಅಂದುಕೊಂಡು ಒಳ್ಳೇ ಮೋಟಾರ್ ಎಸೆದವರಿದ್ದಾರೆ.

ಎಲ್ಲ ಸರಿ ಇದ್ದರೆ ಎರಡು ಪೆನ್ಸಿಲ್ ಸೆಲ್, 3 ವೋಲ್ಟ್, ಅಷ್ಟೇ ಕೊಡಿ. ನೇರ 12 ಬೇಡ.

ಭದ್ರಾವತಿ ಟರ್ನರ್

ಅಮ್ಮಾ, ನೀವು ಕೊಟ್ಟಿಗೆ ಅಟ್ಟ ಅಂದಿರಿ. ಕೊಳವೆ ಉದ್ದಕ್ಕೆ ಸೀಳಿದೆ ಅಂದಿರಿ. ಆಗಲೇ ನನಗೆ ವಿಷಯ ಹೊಳೆಯಿತು. ಜೀವನವೆಲ್ಲ ಲೇತ್ ಮೇಲೆ ಹಿತ್ತಾಳೆ ಕಡೆದವನು ನಾನು.

ಬ್ರಿಟಿಷರ ಕಾಲದಲ್ಲಿ ಭಾರತದಲ್ಲಿದ್ದ ಸೈನ್ಯಕ್ಕೆ ಇದೇ ತೊಂದರೆ ಇತ್ತು. ಹಿತ್ತಾಳೆಯ ಗುಂಡಿನ ಕೋಶಗಳು ಮಳೆಗಾಲದಲ್ಲಿ ಸುಮ್ಮನೆ ಇಟ್ಟಲ್ಲೇ ಸೀಳುತ್ತಿದ್ದವು. ಅವನ್ನು ಇಡುತ್ತಿದ್ದದ್ದು ಕುದುರೆ ಲಾಯಗಳಲ್ಲಿ. ಕುದುರೆ ಮೂತ್ರದಿಂದ ಏಳುವ ಅಮೋನಿಯಾ, ಜೊತೆಗೆ ಮಳೆಯ ತೇವ, ಮೇಲಿಂದ ಎಳೆದು ಒತ್ತಿ ಮಾಡಿದ ಹಿತ್ತಾಳೆಯೊಳಗೆ ಉಳಿದ ಬಿಗಿ. ಮೂರೂ ಸೇರಿದರೆ ಸೀಳು ಬರುತ್ತದೆ. 1921ರಲ್ಲಿ ಇದರ ಕಾರಣ ಸರಿಯಾಗಿ ಗೊತ್ತಾಯಿತು. ಮಾಡಿದ ಮೇಲೆ ಕಾಸಿ ಆ ಬಿಗಿ ಬಿಡಿಸಿದರೆ ಸೀಳುವುದಿಲ್ಲ.

ನಿಮ್ಮ ಕಾರಿನ ಕೊಳವೆಯೂ ಎಳೆದು ಮಾಡಿದ್ದೇ. ಕೆಳಗೆ ದನದ ಗಂಜಲ, ಸುತ್ತ ಮಲೆನಾಡ ಮಳೆ. ಅದು ಇಷ್ಟು ವರ್ಷ ತಡೆದದ್ದೇ ದೊಡ್ಡದು. ಮೊದಲು ಕಾರನ್ನು ಕೊಟ್ಟಿಗೆಯ ಗಾಳಿ ಬಾರದ ಕೋಣೆಗೆ ಒಯ್ಯಿರಿ. ಅಂಗಡಿಯ ಎಷ್ಟೋ ಹಿತ್ತಾಳೆ ಪಾಲಿಶ್‌ಗಳಲ್ಲೂ ಅಮೋನಿಯಾ ಇರುತ್ತದೆ. ಅದಕ್ಕೇ ಪಾಲಿಶ್ ಬೇಡವೇ ಬೇಡ.

ಇನ್ನೊಂದು ಮಾತು. ನಮ್ಮ ಕಡೆ ಯಾರಾದರೂ ಬೆಸುಗೆಗೆ ನವಸಾಗರ ತರುತ್ತಾರೆ. ಕಲಾಯಿ ಹಾಕುವುದಕ್ಕೆ ಅದು ಒಳ್ಳೆಯದು, ಇದಕ್ಕೆ ಸಲ್ಲ. ನವಸಾಗರ ಅಂದರೆ ಅಮೋನಿಯಂ ಕ್ಲೋರೈಡ್. ರೋಗ ಯಾವುದರಿಂದ ಬಂತೋ ಅದನ್ನೇ ಹಚ್ಚಿದ ಹಾಗೆ ಆಗುತ್ತದೆ.

ಹುಣಸೆಹಣ್ಣಿನಲ್ಲಿ ನೆನೆಸುವುದೂ ಬೇಡ. ಹುಳಿ ಕೊಳವೆಯೊಳಗೆ ಹೋದರೆ ತೊಳೆದು ತೆಗೆಯಲು ಆಗುವುದಿಲ್ಲ. ಒಳಗಿಂದ ತಿನ್ನುತ್ತಾ ಕೂರುತ್ತದೆ.

ತುಂಗಾ ಹೊಳೆ

ಯಜಮಾನ್ರೇ, ಗುಂಡಿನ ಕೋಶದ ವಿಷಯ ನನಗೆ ಗೊತ್ತೇ ಇರಲಿಲ್ಲ. ಥ್ಯಾಂಕ್ಸ್. ಹುಣಸೆಹಣ್ಣಿನ ಮಾತು ಬಿಟ್ಟೆ.

ಆದರೆ ಒಂದು ಕೇಳುತ್ತೇನೆ, ಬೇಜಾರು ಮಾಡಬೇಡಿ. ಅಕ್ಕನ ದೊಡ್ಡಪ್ಪ ಇದನ್ನು ಮಾಡಿದ್ದು ಓಡಿಸಲಿಕ್ಕೆ. ಗಾಜಿನ ಪೆಟ್ಟಿಗೆಯಲ್ಲಿಟ್ಟು ನೋಡಲಿಕ್ಕಲ್ಲ. ಕಿಲುಬು, ಪುಡಿ ಟೈರ್, ಸೀಳಿದ ಕೊಳವೆ ಎಲ್ಲ ಹಾಗೇ ಇಟ್ಟರೆ ಅವರು ಮಾಡಿದ ಕೆಲಸ ಕಾಣುವುದು ಹೇಗೆ? ರೇಸ್ ಕಾರ್ ಓಡದಿದ್ದರೆ ಅದು ರೇಸ್ ಕಾರೇ ಅಲ್ಲ ಅಂತ ನನ್ನ ಅಭಿಪ್ರಾಯ.

ಬೆಂಗಳೂರಲ್ಲಿರೋ ಕೊಪ್ಪದವ

ಬೇಜಾರೇನಿಲ್ಲ ತಮ್ಮಾ, ಕೇಳಬೇಕಾದ ಪ್ರಶ್ನೆಯೇ. ಓಡಬೇಕು ಅನ್ನುವುದನ್ನು ನಾನೂ ಒಪ್ಪುತ್ತೇನೆ. ನಾನು ನೋಡುವುದು ಹೀಗೆ. ಆ ಕಾರಿನಲ್ಲಿ ಸವೆಯಲೆಂದೇ ಇರುವ ಭಾಗಗಳಿವೆ. ಟೈರ್, ಹೆಣೆದ ತಾಮ್ರ, ಬ್ರಶ್, ವೈರ್. ದೊಡ್ಡಪ್ಪನೇ ಇದ್ದಿದ್ದರೂ ಅವನ್ನು ಎಷ್ಟೋ ಸಲ ಬದಲಿಸುತ್ತಿದ್ದರು. ಅವನ್ನು ಧಾರಾಳವಾಗಿ ಹೊಸದು ಹಾಕಿ, ಹಳೇದನ್ನು ಕವರಿನಲ್ಲಿ ಹೆಸರು ಬರೆದು ಎತ್ತಿಡಿ. ಚೌಕಟ್ಟು, ಬೆಸುಗೆ, ಬಣ್ಣ, ಮೋಟಾರ್ ಹಾಗಲ್ಲ. ಅವು ಅವರ ಕೈಕೆಲಸ, ಅವರ ಆಯ್ಕೆ. ಅಲ್ಲಿ ಮಾಡುವುದೆಲ್ಲ ಮುಂದೆ ಬೇಕಾದರೆ ಬಿಚ್ಚಿ ತೆಗೆಯುವ ಹಾಗಿರಬೇಕು.

130 ಮೋಟಾರ್ ಕೂರಿಸಬೇಕಾದರೆ ಹಳೇ ಮೋಟಾರಿನ ಹಿಡಿಕೆ ಕತ್ತರಿಸಬೇಕು. ಕತ್ತರಿಸಿದ್ದು ಮತ್ತೆ ಬರುವುದಿಲ್ಲ. ನಿಮಗೆ ಜೋರಾಗಿ ಓಡಿಸುವ ಆಸೆ ಇದ್ದರೆ ಅಳತೆ ತೆಗೆದು ಇದರ ಜೋಡಿ ಚೌಕಟ್ಟು ಒಂದನ್ನು ಹೊಸದಾಗಿ ಕಟ್ಟಿ. ಅದಕ್ಕೆ ಯಾವ ಮೋಟಾರ್ ಬೇಕಾದರೂ ಹಾಕಿ. ಕಟ್ಟಿದ ಮೇಲೆ ದೊಡ್ಡಪ್ಪನ ಕೆಲಸ ಎಷ್ಟು ಕಷ್ಟದ್ದು ಅಂತ ನಿಮಗೇ ಗೊತ್ತಾಗುತ್ತದೆ.

ಸೊರಬದ ಉಳಿ

ಎಲ್ಲರೂ ಲೋಹದ ಮೇಲೆಯೇ ಮಾತಾಡುತ್ತಿದ್ದೀರಿ. ಆ ಮರದ ಕಾರಿನ ಬಗ್ಗೆ ಯಾರೂ ಕೇಳಲಿಲ್ಲ. ನಮ್ಮದು ಕೆತ್ತನೆ ಮಾಡುವ ಮನೆ. ಅಕ್ಕ, ಅದರ ತಳ ಚಪ್ಪಟೆ ಇದೆಯಾ? ಪಕ್ಕಗಳು ಮೇಲಕ್ಕೆ ಹೋಗುತ್ತಾ ಒಳಕ್ಕೆ ಬಾಗಿವೆಯಾ? ಚಾಲಕ ಕೂರುವ ಗುಳಿಯಲ್ಲಿ ಸೂಜಿಯಷ್ಟು ತೂತುಗಳಿವೆಯಾ?

ಕಾರ್ಗಲ್ ಕಡೆಯವಳು

ಮೂರೂ ಇವೆ! ತೂತುಗಳನ್ನು ಹುಳ ಕೊರೆದದ್ದು ಅಂತ ಅಂದುಕೊಂಡಿದ್ದೆವು. ಮರ ಹಗುರ, ತಿಳಿ ಹಳದಿ ಬಣ್ಣ. ಶಿವನೆ ಇರಬೇಕು ಅಂತ ಅಪ್ಪ ಹೇಳಿದರು.

ಸೊರಬದ ಉಳಿ

ಹಾಗಿದ್ದರೆ ಅದು ಆಟಿಕೆ ಅಲ್ಲ, ಬಾಡಿಯ ಅಚ್ಚು. ಪ್ಲಾಸ್ಟಿಕ್ ಹಾಳೆಯನ್ನು ಕಾಸಿ ಇದರ ಮೇಲೆ ಎಳೆದಿದ್ದಾರೆ. ಪಕ್ಕ ಒಳಕ್ಕೆ ಬಾಗಿರುವುದು ಆಮೇಲೆ ಅಚ್ಚು ಸಲೀಸಾಗಿ ಬಿಡಲಿ ಅಂತ. ತೂತು ಇರುವುದು ಗುಳಿಯಲ್ಲಿ ಸಿಕ್ಕಿಕೊಂಡ ಗಾಳಿ ಹೋಗಲಿ ಅಂತ. ಶಿವನೆ ಒಳ್ಳೇ ಆಯ್ಕೆ. ಹಗುರ, ಉಳಿಗೆ ಮಾತು ಕೇಳುತ್ತದೆ, ಒಣಗಿದ ಮೇಲೆ ತೇವಕ್ಕೆ ಅಷ್ಟಾಗಿ ಸೊಟ್ಟಗಾಗುವುದಿಲ್ಲ. ಇಷ್ಟು ಮಳೆಗಾಲ ಕಂಡೂ ಅಳತೆ ಕೆಟ್ಟಿರಲಿಕ್ಕಿಲ್ಲ. ಅಳೆದು ನೋಡಿ.

ನನ್ನ ಕೇಳಿದರೆ ಇಡೀ ಟ್ರಂಕಿನಲ್ಲಿ ಬೆಲೆಬಾಳುವುದು ಇದೇ. ಬಾಡಿ ಹೋದರೂ ಅಚ್ಚಿದ್ದರೆ ಇನ್ನೊಂದು ಬಾಡಿ ಬರುತ್ತದೆ. ಎಣ್ಣೆ, ವಾರ್ನಿಶ್ ಏನೂ ಹಚ್ಚಬೇಡಿ. ಒಣ ಬ್ರಶ್ಶಿನಿಂದ ಧೂಳು ತೆಗೆದರೆ ಸಾಕು.

ಬೆಂಗಳೂರಲ್ಲಿರೋ ಕೊಪ್ಪದವ

ಆಹಾ! ಇದು ಎಲ್ಲ ಲೆಕ್ಕಾಚಾರ ಬದಲಿಸಿತು. ಹಳೇ ಬಾಡಿಯನ್ನು ಓಡಿಸುವ ಕಾರಿಗೆ ಹಾಕಲೇಬೇಕಾಗಿಲ್ಲ. ಅಚ್ಚಿನಿಂದ ಹೊಸ ಬಾಡಿ ಎಳೆದು ಅದನ್ನು ಹಾಕಿ ಓಡಿಸಿ, ಹಳೇದು ಪೆಟ್ಟಿಗೆಯಲ್ಲಿ ತಣ್ಣಗಿರಲಿ.

ಆದರೆ ಮೂಲ ಮರದ ಮೇಲೇ ಬಿಸಿ ಹಾಳೆ ಎಳೆಯಬೇಡಿ. ಸಿಲಿಕೋನ್ ರಬ್ಬರಿನಲ್ಲಿ ಅದರ ಪಡಿಯಚ್ಚು ತೆಗೆದು, ಹಲ್ಲಿನ ಡಾಕ್ಟರುಗಳು ಬಳಸುವ ಗಟ್ಟಿ ಪ್ಲಾಸ್ಟರ್ ಸುರಿದು ನಕಲು ಮಾಡಿ. ಆ ನಕಲಿನ ಮೇಲೆ ಪೆಟ್‌ಜಿ ಅನ್ನುವ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಎಳೆಯಿರಿ. ಅರ್ಧ ಮಿಲಿಮೀಟರ್ ದಪ್ಪ ಸಾಕು. ಮನೆಯ ವ್ಯಾಕ್ಯೂಮ್ ಕ್ಲೀನರ್ ಎಳೆತವೇ ಸಾಲುತ್ತದೆ. ಬಣ್ಣ ಒಳಗಡೆಯಿಂದಲೇ ಹಚ್ಚಬೇಕು. ಮೊದಲು ಹಳದಿ ಪಟ್ಟೆ, ಅದು ಒಣಗಿದ ಮೇಲೆ ಹಸಿರು. ಹೊರಗಿಂದ ನೋಡುವವರಿಗೆ ಮೊದಲು ಹಚ್ಚಿದ್ದೇ ಮೇಲೆ ಕಾಣುತ್ತದೆ ಅಲ್ವಾ, ಅದಕ್ಕೆ.

ಕಾರ್ಗಲ್ ಕಡೆಯವಳು

ಮೇಷ್ಟ್ರೇ, ನೀವು ಹೇಳಿದ ಹಾಗೇ ಮಾಡಿದೆ. ಎಣ್ಣೆ ಬಿಟ್ಟ ಮರುದಿನ ಶಾಫ್ಟ್ ಸಲೀಸಾಗಿ ತಿರುಗಿತು. ಮೀಟರಿನಲ್ಲಿ ಎಲ್ಲ ಕಾಯಿಲ್ ಒಂದೇ ಸಮ. ಪೆನ್ಸಿಲ್ ಸೆಲ್ ಕೊಟ್ಟೆ. ಮೊದಲು ಸ್ವಲ್ಪ ಗುರ್ ಅಂದು ಆಮೇಲೆ ತಿರುಗಿಯೇ ಬಿಟ್ಟಿತು! ಮನೆಯವರೆಲ್ಲ ಕೂಗಿಕೊಂಡೆವು. ದೊಡ್ಡಮ್ಮ ಇನ್ನೊಂದು ಸಲ ಹಾಕು ಅಂತ ಹಾಕಿಸಿದರು.

ನೋಟ್‌ಬುಕ್ಕಿನಲ್ಲಿ ಒಂದು ಕಡೆ 12–48 ಅಂತ ಬರೆದು ಕೆಳಗೆ ಗೆರೆ ಎಳೆದಿದ್ದಾರೆ. ಪಕ್ಕದಲ್ಲಿ ಹಿಂದಿನ ಚಕ್ರ 27 ಅಂತ ಇದೆ. ಏನಿದು?

ರೇಡಿಯೋ ಮೇಷ್ಟ್ರು, ತೀರ್ಥಹಳ್ಳಿ

ಬಹಳ ಸಂತೋಷ ಆಯಿತಮ್ಮ. ಆ ಮ್ಯಾಗ್ನೆಟ್ ಇನ್ನೂ ಜೀವ ಹಿಡಿದಿದೆ. ಯಾರೂ ಬಿಚ್ಚದೇ ಇಟ್ಟಿದ್ದರಿಂದ ಉಳಿಯಿತು.

12–48 ಅಂದರೆ ಗೇರ್ ಹಲ್ಲುಗಳು. ಮೋಟಾರಿನ ಗೇರಿಗೆ 12, ಹಿಂದಿನ ಅಚ್ಚಿನ ಕಿರೀಟ ಗೇರಿಗೆ 48. ಮೋಟಾರ್ ನಾಲ್ಕು ಸುತ್ತು ಸುತ್ತಿದರೆ ಚಕ್ರ ಒಂದು ಸುತ್ತು. 27 ಅನ್ನುವುದು ಟೈರ್ ಸಮೇತ ಚಕ್ರದ ಅಡ್ಡಳತೆ, ಮಿಲಿಮೀಟರಿನಲ್ಲಿ. ಮೋಟಾರ್ ನಿಮಿಷಕ್ಕೆ 12000 ಸುತ್ತುತ್ತದೆ ಅಂತ ಇಟ್ಟುಕೊಳ್ಳಿ. ಚಕ್ರ 3000 ಸುತ್ತು. ಒಂದು ಸುತ್ತಿಗೆ ಸುಮಾರು 85 ಮಿ.ಮೀ. ದಾರಿ. ಗಂಟೆಗೆ 15 ಕಿಲೋಮೀಟರ್ ಆಯಿತು. ಅಂಗೈಯಷ್ಟು ಕಾರಿಗೆ ಇದು ಭಾರೀ ವೇಗ. ಹಲ್ಲು ಎಣಿಸಿ ನೋಡಿ, ತಾಳೆ ಆಗಬೇಕು.

ಭದ್ರಾವತಿ ಟರ್ನರ್

ಆ 27 ಬಹಳ ಉಪಯೋಗಕ್ಕೆ ಬಂತು. ಟೈರ್ ಪುಡಿ ಆದ ಮೇಲೆ ಅಳತೆ ಎಲ್ಲಿಂದ ತರುವುದು ಅಂತ ಯೋಚಿಸುತ್ತಿದ್ದೆ. ಹಿಂದಿನ ಟೈರಿಗೆ ಸ್ಪಂಜ್ ರಬ್ಬರ್ ಉಂಗುರ ಕತ್ತರಿಸಿ, ಅಲ್ಯೂಮಿನಿಯಂ ಚಕ್ರಕ್ಕೆ ಅಂಟಿಸಿ, ತಿರುಗಿಸುತ್ತಾ ಸ್ಯಾಂಡ್‌ಪೇಪರ್ ಹಿಡಿದು 27ಕ್ಕೆ ಇಳಿಸೋಣ. ಮುಂದಿನದಕ್ಕೆ ಪಂಪ್ ಸೆಟ್ ಅಂಗಡಿಯ ಓ-ರಿಂಗ್ ಸಾಕು. ಮುಂದಿನ ಟೈರಿಗೆ ಹಿಡಿತ ಬೇಕಾಗಿಲ್ಲ, ಉರುಳಿದರೆ ಆಯಿತು. ತಾಮ್ರದ ಹೆಣಿಗೆಗೆ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಬೆಸುಗೆ ಹೀರಲು ಕೊಡುವ ಪಟ್ಟಿ ಬಳಸಬಹುದು. ಫ್ಲಕ್ಸ್ (ಬೆಸುಗೆ ಹಿಡಿಯಲೆಂದು ಹಚ್ಚುವ ಪದಾರ್ಥ) ಹಚ್ಚದ್ದು ಕೇಳಿ ತನ್ನಿ.

ಕೊಳವೆಗೆ ಹೀಗೆ ಮಾಡೋಣ. ಸೀಳಿದ ಕೊಳವೆಯೊಳಗೆ ಸರಿಯಾಗಿ ಕೂರುವ ಒಂದು ಸೈಜ್ ಸಣ್ಣ ಕೊಳವೆ ತೂರಿಸಿ ಬೆಸೆಯುವುದು. ಹೊರಗಿಂದ ಹಳೇ ಕೊಳವೆಯೇ ಕಾಣುತ್ತದೆ. ಬೆಸುಗೆಗೆ 60/40 ಸೋಲ್ಡರೇ ಬೇಕು, ಅಂದರೆ 60 ಪಾಲು ತವರ, 40 ಪಾಲು ಸೀಸ. ಅದು 190 ಡಿಗ್ರಿಯ ಸುಮಾರಿಗೆ ಕರಗುತ್ತದೆ. ಈಗಿನ ಸೀಸ ಇಲ್ಲದ್ದು 220ರ ಹತ್ತಿರ ಕೇಳುತ್ತದೆ. ಅಷ್ಟು ಕಾಸಿದರೆ ದೊಡ್ಡಪ್ಪನ ಪಕ್ಕದ ಬೆಸುಗೆಗಳು ಬಿಟ್ಟುಕೊಳ್ಳುತ್ತವೆ. ಆ ಬೆಸುಗೆಗಳ ಮೇಲೆ ಒದ್ದೆ ಬಟ್ಟೆ ಸುತ್ತಿ, ದಪ್ಪ ಮೂತಿಯ ಐರನ್ನಿನಿಂದ ಬೇಗ ಕಾಸಿ ಬೇಗ ತೆಗೆಯಬೇಕು. ಫ್ಲಕ್ಸ್ ರಾಳದ್ದೇ ಇರಲಿ, ಆಮ್ಲದ್ದು ಬೇಡ. ಮೋಟಾರನ್ನು ಮೊದಲೇ ಬಿಚ್ಚಿ ಪಕ್ಕಕ್ಕಿಡಬೇಕು. ಇಡೀ ಮೋಟಾರ್ ಅಂದೆ, ಮೇಷ್ಟ್ರು ಹೇಳಿದ ಹಾಗೆ ಒಳಗಿನದ್ದಲ್ಲ.

ಗೇರ್ ಕೂರಿಸುವಾಗ ಹಲ್ಲುಗಳ ನಡುವೆ ತೆಳು ಕಾಗದದ ಚೂರು ಇಟ್ಟು ಬಿಗಿ ಮಾಡಿ, ಆಮೇಲೆ ಕಾಗದ ಎಳೆದು ತೆಗೆಯಿರಿ. ಅಷ್ಟು ಸಡಿಲ ಇದ್ದರೆ ಕಿರುಗುಟ್ಟುವುದಿಲ್ಲ.

ತುಂಗಾ ಹೊಳೆ

ನಾನು ಒಪ್ಪಿದೆ. ಮೂಲ ಕಾರಿಗೆ ಮೂಲ ಮೋಟಾರ್. ಜೋಡಿ ಚೌಕಟ್ಟು ನಾನು ಕಟ್ಟುತ್ತೇನೆ, ಅಕ್ಕ ಅಳತೆ ಕೊಟ್ಟರೆ.

ಓಡಿಸಲು ಟ್ರ್ಯಾಕ್ ಬೇಕಲ್ವಾ? ನಮ್ಮ ಕಾಲೇಜಿನ ಹತ್ತಿರ ಒಬ್ಬರ ಬಳಿ ರೂಟರ್ ಮಿಶಿನ್ ಇದೆ. ಪ್ಲೈವುಡ್ಡಿನಲ್ಲಿ 3.2 ಮಿ.ಮೀ. ಅಗಲದ ಸೀಳು ಕೊರೆಸಬಹುದು. ಆಳ ಎಷ್ಟಿರಬೇಕು?

ಬೆಂಗಳೂರಲ್ಲಿರೋ ಕೊಪ್ಪದವ

ಮೊದಲು ಆ ಕಾರಿನ ನಾಲಿಗೆ ಎಷ್ಟು ಉದ್ದ ಅಂತ ಅಳೆಯಿರಿ, ಅದಕ್ಕಿಂತ ಸ್ವಲ್ಪ ಜಾಸ್ತಿ ಕೊರೆಸಿ. ನೀರು ಹಿಡಿಯದ ಮರೈನ್ ಪ್ಲೈ ತನ್ನಿ. ಸಾದಾ ಪ್ಲೈ ಜುಲೈ ಹೊತ್ತಿಗೆ ಉಬ್ಬಿ ಸೀಳು ಕಿರಿದಾಗುತ್ತದೆ. ಕೊರೆದ ಒಳಬದಿಗೂ ಬಣ್ಣ ಹಚ್ಚಿ. ತಾಮ್ರದ ಟೇಪ್ ಅಂಟಿಸಿದ ಮೇಲೆ ಮಳೆಗಾಲದಲ್ಲಿ ವಾರಕ್ಕೊಮ್ಮೆ ಒಣ ಬಟ್ಟೆಯಿಂದ ಉಜ್ಜಬೇಕು, ಇಲ್ಲದಿದ್ದರೆ ಕಪ್ಪಾಗಿ ಕರೆಂಟ್ ಸರಿಯಾಗಿ ಬರುವುದಿಲ್ಲ. ಮೂಲ ಕಾರನ್ನು 6 ವೋಲ್ಟಿನಲ್ಲಿ, ನೇರ ದಾರಿಯಲ್ಲಿ ಮಾತ್ರ ಓಡಿಸಿ. ತಿರುವಿನ ಆಟ ಜೋಡಿ ಕಾರಿಗೆ ಇರಲಿ.

ಓಡಿಸದಾಗ ಚೌಕಟ್ಟನ್ನು ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಹರಳಿನ ಬಣ್ಣ ಬದಲಾದರೆ ಬಿಸಿ ಮಾಡಿ ಒಣಗಿಸಿ ಮತ್ತೆ ಹಾಕಬಹುದು. ಬಾಡಿಯನ್ನು ಮಾತ್ರ ಹಾಗೆ ಬಿಗಿಯಾಗಿ ಮುಚ್ಚಬೇಡಿ, ಅದಕ್ಕೆ ಗಾಳಿ ಬೇಕು.

ಕಾರ್ಗಲ್ ಕಡೆಯವಳು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹಲ್ಲು ಎಣಿಸಿದೆ, 12 ಮತ್ತು 48 ಸರಿಯಾಗಿದೆ. ಮರದ ಅಚ್ಚಿನ ಅಳತೆಯೂ ಬಾಡಿಗೆ ತಾಳೆ ಆಗುತ್ತಿದೆ. ಪಾತ್ರೆ ಅಂಗಡಿಗೆ ಬೇಡ ಅಂತ ಹೇಳಿದೆ. ಯಜಮಾನ್ರೇ, ಈ ಭಾನುವಾರ ಚೌಕಟ್ಟು ತೆಗೆದುಕೊಂಡು ಭದ್ರಾವತಿಗೆ ಬರಬಹುದಾ? ನೋಟ್‌ಬುಕ್ಕೂ ತರಲಾ?

ಭದ್ರಾವತಿ ಟರ್ನರ್

ಖಂಡಿತ ಬನ್ನಿ ಅಮ್ಮಾ. ನೋಟ್‌ಬುಕ್ ತನ್ನಿ, ಟೈರಿನ ಪುಡಿಯನ್ನೂ ಒಂದು ಪೊಟ್ಟಣ ಕಟ್ಟಿ ತನ್ನಿ. ಯಾವ ಸ್ಪಂಜ್ ಅಂತ ನೋಡಿ ಅದಕ್ಕೆ ಹತ್ತಿರದ್ದು ಹುಡುಕೋಣ. 60/40 ಸೋಲ್ಡರ್ ನನ್ನಲ್ಲಿದೆ. ತುಂಗಾ ಹೊಳೆಯವರೂ ಬಿಡುವಿದ್ದರೆ ಕ್ಯಾಲಿಪರ್ ಹಿಡಿದು ಬರಲಿ, ಮೋಟಾರ್ ಬಿಚ್ಚಿಟ್ಟಾಗಲೇ ಜೋಡಿ ಚೌಕಟ್ಟಿನ ಅಳತೆ ತೆಗೆಯುವುದು ಸುಲಭ.